ಅರ್ಧ ಹಾಳೆ

ಹಾಳೆಯನ್ನು ಹರಿದದ್ದು ನನ್ನ ಕಣ್ಣೆದುರಿಗೇ. ಹೆಡ್‌ಮಾಸ್ತರು ಅನಂತಪದ್ಮನಾಭಯ್ಯನವರು ಗ್ರಾಫ್ ಹಾಳೆಯನ್ನು ಮೇಜಿನ ಮೇಲೆ ಹಾಸಿದರು. ಮರದ ಸ್ಕೇಲನ್ನು ನಡುವಿಗೆ ಅಡ್ಡ ಇಟ್ಟು ಒತ್ತಿ ಹಿಡಿದರು. ಸರ್ರನೆ ಎಳೆದರು. ಒಂದು ಎರಡಾಯಿತು. ಹಾಗೆ ಆರು ಹಾಳೆ ಹರಿದರು.

“ಯಾಕೆ ಸಾರ್ ಅರ್ಧ?” ಎಂದು ಕೇಳಿದವರು ಲೆಕ್ಕ ಹೇಳಿಕೊಡುತ್ತಿದ್ದ ಚೂಡಾಮಣಿ ಟೀಚರು.

“ಈ ಹನ್ನೊಂದು ಜನದ ಗೆರೆ ಐವತ್ತು ದಾಟೋದಿಲ್ಲಮ್ಮ. ಮೇಲಿನ ಅರ್ಧ ಸುಮ್ನೆ ದಂಡ.”

ಆ ಹನ್ನೊಂದು ಜನರಲ್ಲಿ ನಾನೊಬ್ಬಳು. ಗೌರಿ ಒಬ್ಬಳು.

ಐವತ್ತೇಳನೆಯ ಇಸವಿ, ಜೂನ್ ತಿಂಗಳು. ಜಯನಗರ ಆಗಿನ್ನೂ ಎದ್ದು ನಿಲ್ಲುತ್ತಿತ್ತು. ಅವರೆ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನಂಬರು ಕೆತ್ತಿದ ಕಲ್ಲು ನೆಟ್ಟಿದ್ದರು. ಹೊಲ ಇದ್ದವರಿಗೆ ಪರಿಹಾರ ಬಂತು. ಆ ಹೊಲದಲ್ಲಿ ಗೇಯುತ್ತಿದ್ದ ನಮ್ಮ ಕೇರಿಯವರಿಗೆ ಅದೇ ಜಾಗದಲ್ಲಿ ಗಾರೆ ಹೊರುವ ಕೆಲಸ ಬಂತು. ನಮ್ಮ ಕೇರಿ ಸಿದ್ದಾಪುರದ ಆಚೆ ಅಂಚಿನಲ್ಲಿತ್ತು. ಹದಿನೆಂಟು ಗುಡಿಸಲು. ಗೌರಿಯ ಗುಡಿಸಲಿಗೂ ನಮ್ಮದಕ್ಕೂ ನಡುವೆ ಒಂದು ತಡಿಕೆ. ಅವರು ಪಿಸುಗುಟ್ಟಿದರೂ ನಮಗೆ ಕೇಳುತ್ತಿತ್ತು.

ಸ್ಕೂಲು ಬಡಾವಣೆಯದು. ನಾವು ಎಂಟನೆಯ ಕ್ಲಾಸು. ವರ್ಷದ ಕೊನೆಗೆ ಸರ್ಕಾರಿ ಪರೀಕ್ಷೆ. ಅದು ಪಾಸಾದರೆ ಹೈಸ್ಕೂಲು. ಪರೀಕ್ಷೆಗೆ ಕೂರಲು ಹೆಡ್‌ಮಾಸ್ತರು ಅರ್ಜಿಗೆ ರುಜು ಹಾಕಬೇಕು. ರುಜು ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಕೇರಿಯಲ್ಲಿ ಅದುವರೆಗೆ ಯಾರೂ ಆ ಪರೀಕ್ಷೆಗೆ ಕೂತಿರಲಿಲ್ಲ.

ಹೆಡ್‌ಮಾಸ್ತರು ಬೇಸಿಗೆಯಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ಬಂದವರೇ ಚಾರ್ಟು ಶುರು ಮಾಡಿದರು. ನಲವತ್ತೆರಡು ಜನಕ್ಕೆ ನಲವತ್ತೆರಡು ಚಾರ್ಟು. ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. ಅಪ್ಪ ಏನು ಮಾಡುತ್ತಾನೆ, ಮನೆಯಲ್ಲಿ ಓದು ಬಂದವರು ಎಷ್ಟು, ದೀಪ ಎಂಥದು. ಗೌರಿಯ ಸರದಿ ಬಂತು.

“ಅಪ್ಪ ಇಲ್ಲ ಸಾರ್. ಅವ್ವ ಗಾರೆ ಹೊರ್ತಾಳೆ.”

“ಓದು ಬಂದವರು?”

“ಒಬ್ರು ಸಾರ್.”

“ಯಾರದು?”

“ನಾನೇ.”

ಕ್ಲಾಸು ನಕ್ಕಿತು. ಹೆಡ್‌ಮಾಸ್ತರೂ ನಕ್ಕರು. ಹಾಳೆಯಲ್ಲಿ ಮೂವತ್ತೈದು ಎಂದು ಬರೆದರು. ಮೂವತ್ತೈದರ ಮನೆಯಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ ಎಳೆದರು. ನನಗೂ ಮೂವತ್ತೈದು. ನಮ್ಮ ಹನ್ನೊಂದು ಜನಕ್ಕೂ ಮೂವತ್ತೈದು. ಹೊಲದ ಯಜಮಾನರು ಚಿಕ್ಕಬೈರಪ್ಪನವರ ಮಗನಿಗೆ ಐವತ್ತು. ಆಫೀಸಿಗೆ ಹೋಗುವವರ ಮಕ್ಕಳಿಗೆ ಎಪ್ಪತ್ತು, ಎಪ್ಪತ್ತೈದು.

“ಕೆಂಪು ಗೆರೆ ಬರಬೇಕಾದ ಮಾರ್ಕು. ನೀಲಿ ಗೆರೆ ಬಂದ ಮಾರ್ಕು” ಎಂದು ಟೀಚರಿಗೆ ಹೇಳಿದರು. “ನೀಲಿ ಕೆಂಪಿನ ಮೇಲೆ ಕೂತರೆ ಸ್ಕೂಲು ಸರಿಯಾಗಿದೆ ಅಂತ. ಇನ್ಸ್‌ಪೆಕ್ಟರು ಬಂದು ನೋಡೋದು ಅದನ್ನೇ.”

ಕೆಂಪು ಗೆರೆ ಐವತ್ತು ಮತ್ತು ಅದರ ಮೇಲಿದ್ದವರಿಗೆ ಮೂರು ಗಂಟೆಯಿಂದ ಸ್ಪೆಷಲ್ ಕ್ಲಾಸು. ನಮಗೆ ಮೂರು ಗಂಟೆಯಿಂದ ತೋಟದ ಕೆಲಸ. ಕೆರೆಯಿಂದ ನೀರು ಹೊತ್ತು ತಂದು ಗಿಡಕ್ಕೆ ಹಾಕಬೇಕು. ಸ್ಕೂಲಿನಲ್ಲಿ ಬಾವಿ ಇತ್ತು. ಅದರ ಹಗ್ಗ ನಾವು ಮುಟ್ಟುವಂತಿರಲಿಲ್ಲ. ಒಬ್ಬೊಬ್ಬರಿಗೆ ಎಂಟು ಬಿಂದಿಗೆ. ಶನಿವಾರ ಸಗಣಿ ತಂದು ಮೂರು ರೂಮು ಸಾರಿಸಬೇಕು. ನೆತ್ತಿಯ ಕೂದಲು ಸವೆದು ಹೋಗಿತ್ತು. ಕತ್ತು ಎಡಕ್ಕೆ ತಿರುಗಿಸಿದರೆ ನೋಯುತ್ತಿತ್ತು.

ಗೌರಿಗೆ ಮಾತ್ರ ನಾಲ್ಕು ಬಿಂದಿಗೆ. ಅವಳು ಎಳೆಯುವ ಗೆರೆ ಅಷ್ಟು ನೇರ. ಸ್ಕೇಲು ಜಾರುತ್ತಿರಲಿಲ್ಲ, ಮಸಿ ಹರಡುತ್ತಿರಲಿಲ್ಲ. ನಲವತ್ತೆರಡು ಚಾರ್ಟಿನ ಗೆರೆ, ಅಂಚು, ಹೆಸರು ಎಲ್ಲ ಅವಳೇ ಬರೆಯಬೇಕು. ಕೈ ತೊಳೆದುಕೊಂಡು ಬಂದು ಸ್ಪೆಷಲ್ ಕ್ಲಾಸಿನ ಹಿಂದಿನ ಮೂಲೆಯಲ್ಲಿ ನೆಲದ ಮೇಲೆ ಕೂತು ಬರೆಯುತ್ತಿದ್ದಳು. ಕಾಗದ ಮುಟ್ಟಬಹುದಿತ್ತು. ಪಕ್ಕದಲ್ಲಿದ್ದ ಹೂಜಿ ಮುಟ್ಟುವಂತಿರಲಿಲ್ಲ. ಬಾಯಾರಿದರೆ ಆಚೆ ಬಂದು ನನ್ನ ಬಿಂದಿಗೆಯ ಕೆರೆ ನೀರು ಕುಡಿಯುತ್ತಿದ್ದಳು.

ಬೇರೆಯವರ ಗೆರೆ ಬರೆಯುತ್ತ ಬರೆಯುತ್ತ ಅವಳು ಬೇರೆಯವರ ಪಾಠ ಕೇಳಿಸಿಕೊಂಡಳು. ಬಡ್ಡಿ ಲೆಕ್ಕ, ಕಾಲ ಕೆಲಸದ ಲೆಕ್ಕ. ತಲೆ ಎತ್ತದೆ ಕೇಳಿಸಿಕೊಂಡಳು. ಸಂಜೆ ಕೇರಿಗೆ ಬಂದು ಗುಡಿಸಲಿನ ಮುಂದೆ ನೆಲದ ಮೇಲೆ ಕಡ್ಡಿಯಲ್ಲಿ ಬರೆದು ನನಗೂ ತೋರಿಸುತ್ತಿದ್ದಳು. ನನಗೆ ಕಣ್ಣು ಎಳೆಯುತ್ತಿತ್ತು. ಎಂಟು ಬಿಂದಿಗೆಯ ಕತ್ತು.

ಸೆಪ್ಟೆಂಬರಿನಲ್ಲಿ ಟೆಸ್ಟು ಆಯಿತು. ಚೂಡಾಮಣಿ ಟೀಚರು ತಿದ್ದಿದರು. ಗೌರಿಗೆ ಎಪ್ಪತ್ತನಾಲ್ಕು.

ನಾನು ಕಿಟಕಿಯ ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದೆ. ಒಳಗಿನ ಮಾತೆಲ್ಲ ಕೇಳಿಸಿತು.

“ಎಪ್ಪತ್ನಾಲ್ಕಾ? ಇವಳು ಹಿಂದೆ ಕೂತು ಇವರದ್ದೆಲ್ಲ ನೋಡಿ ಬರ್ಕೊಂಡಿದಾಳೆ.”

“ಇಲ್ಲ ಸಾರ್. ಟೆಸ್ಟಿನ ದಿನ ಬೇರೆ ಕೂರಿಸಿದ್ದೆ. ನಾನೇ ನೋಡಿದೀನಿ.”

“ಸರಿ, ಇದನ್ನ ಎಲ್ಲಿ ಹಾಕ್ತೀರಿ ತೋರ್ಸಿ. ಹಾಳೆ ಇರೋದು ಐವತ್ತರ ತನಕ.”

ಟೀಚರು ಉತ್ತರ ಪತ್ರಿಕೆಯನ್ನು ಅವರ ಮುಂದೆ ಸರಿಸಿದರು.

“ನೋಡೀಮ್ಮ, ಮಿಕ್ಕ ಚಾರ್ಟೆಲ್ಲ ಹೆಚ್ಚು ಕಡಿಮೆ ಸರಿಯಾಗಿ ಕೂತಿವೆ. ಇದೊಂದು ಹಿಂಗೆ ನೆಗೆದರೆ ನಮ್ಮ ಅಂದಾಜು ತಪ್ಪು ಅಂತಾಗುತ್ತೆ. ನೀವಿನ್ನೂ ಟೆಂಪರರಿ ಅಲ್ವೇ?”

ಅಷ್ಟೇ. ಮೂವತ್ತೈದರ ಮೇಲೆ ಪೆನ್ಸಿಲಿನಲ್ಲಿ ನೀಲಿ ಗೆರೆ ಬಿತ್ತು. ಕೆಳಗೆ ‘ಪ್ರಗತಿ ನಿರೀಕ್ಷೆಯಂತೆ’ ಎಂದು ಬರೆದರು. ಉತ್ತರ ಪತ್ರಿಕೆ ಟೀಚರ ಡ್ರಾಯರಿಗೆ ಹೋಯಿತು. ಕೇಳಿದ್ದನ್ನು ಗೌರಿಗೆ ಮಾತ್ರ ಹೇಳಿದೆ.

ಅಕ್ಟೋಬರಿನಲ್ಲಿ ತಂದೆ ತಾಯಿಯರನ್ನು ಕರೆಸಿದರು. ಚಾರ್ಟು ನೋಡಿ ರುಜು ಹಾಕಬೇಕು. ನಮ್ಮವರು ಹೆಬ್ಬೆಟ್ಟು ಒತ್ತಬೇಕು. ಗೌರಿಯ ಅವ್ವ ಮುನಿವೆಂಕಟಮ್ಮ ಕೆಲಸದಿಂದ ಹಾಗೇ ಬಂದಿದ್ದಳು. ತಲೆಯ ಮೇಲೆ ಸಿಂಬೆ, ಮೊಣಕೈ ತನಕ ಸುಣ್ಣ. ಸುಣ್ಣ ತಿಂದು ಬೆರಳ ತುದಿ ಬಿರುಕು ಬಿಟ್ಟಿದ್ದವು. ನನ್ನವ್ವ ಅವಳ ಹಿಂದೆ ನಿಂತಿದ್ದಳು. ಗೌರಿ ಅಲ್ಲಿರಲಿಲ್ಲ. ನಮ್ಮನ್ನೆಲ್ಲ ಕೆರೆಗೆ ಕಳಿಸಿದ್ದರು. ನಾನು ಮೊದಲ ಬಿಂದಿಗೆ ತಂದು ಇಳಿಸುವಾಗ ವರಾಂಡದಲ್ಲಿ ಸಾಲು ನಿಂತಿತ್ತು.

“ಏನೇ ವೆಂಕಟಿ, ನೀನೂ ಮಾರ್ಕ್ ನೋಡಕ್ ಬಂದ್ಯಾ?” ಎಂದರು ಚಿಕ್ಕಬೈರಪ್ಪನವರು. ಅವರ ಹೊಲದಲ್ಲೇ ಮುನಿವೆಂಕಟಮ್ಮ ಹದಿನೈದು ವರ್ಷ ಗೇಯ್ದಿದ್ದಳು. “ನಿನ್ ಕಣ್ಣಿಗೆ ಏನಮ್ಮಿ ಕಾಣ್ತದೆ ಅದ್ರಲ್ಲಿ?”

“ಕಾಣ್ತದೆ ಬುದ್ದಿ. ಗೆರೆ ಕಾಣ್ತದೆ.”

ಅವಳು ಮಗಳ ಚಾರ್ಟಿನ ಮುಂದೆ ನಿಂತಳು. ಹೆಸರು ಓದಲು ಬಾರದು. ಯಾವುದು ಎಂದು ಜವಾನ ಕರಿಬಸವಯ್ಯ ಕಡ್ಡಿಯಲ್ಲಿ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

“ದಾರಕ್ಕೆ ಸರಿಯಾಗಿ ಬಂದವ್ಳೆ ಕಣ್ ಬುದ್ದಿ” ಎಂದಳು. “ಮೇಸ್ತ್ರಿ ಗೋಡೆಗೆ ದಾರ ಕಟ್ತಾನಲ್ಲ, ಹಂಗೆ. ಕೆಂಪು ದಾರ. ನನ್ ಮಗ್ಳು ಒಂದ್ ಕೂದ್ಲು ಹೆಚ್ಚಿಲ್ಲ, ಒಂದ್ ಕೂದ್ಲು ಕಮ್ಮಿ ಇಲ್ಲ. ಆ ಐಕ್ಳುದು ನೋಡಿ, ಮೇಲೆ ಕೆಳಗೆ ಆಗೈತೆ.”

ಹೆಡ್‌ಮಾಸ್ತರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. “ಭೇಷ್. ಇವಳಿಗೆ ಅರ್ಥವಾದಷ್ಟು ನಮ್ಮ ಟೀಚರುಗಳಿಗೂ ಅರ್ಥವಾಗಿಲ್ಲ” ಎಂದರು. ಮಸಿಯ ಪ್ಯಾಡನ್ನು ಸ್ಕೇಲಿನ ತುದಿಯಿಂದ ಅವಳ ಕಡೆಗೆ ತಳ್ಳಿದರು. ಅವಳು ಸೀರೆಗೆ ಕೈ ಒರೆಸಿಕೊಂಡು ಚಾರ್ಟಿನ ಬುಡದಲ್ಲಿ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ನನ್ನವ್ವ ಒತ್ತಿದಳು. ಹನ್ನೊಂದು ಜನ ಒತ್ತಿದರು.

ನಮ್ಮ ಹನ್ನೊಂದು ಹಾಳೆಯಲ್ಲಿ ಹೆಬ್ಬೆಟ್ಟಿನ ಮೇಲೆ ಹೆಡ್‌ಮಾಸ್ತರು ಸಣ್ಣಕ್ಷರದಲ್ಲಿ ಬರೆದ ಒಂದು ಸಾಲಿತ್ತು. ಅದನ್ನು ಯಾರೂ ಓದಿ ಹೇಳಲಿಲ್ಲ. ಮಾರನೆಯ ದಿನ ಗೌರಿ ಅಂಚು ಬರೆಯುವಾಗ ಓದಿದಳು. ‘ಮೇಲ್ಕಂಡ ಅಂಕಗಳನ್ನು ನೋಡಿ, ನನ್ನ ಮಗುವನ್ನು ಈ ವರ್ಷ ಸರ್ಕಾರಿ ಪರೀಕ್ಷೆಗೆ ಕಳಿಸದಿರಲು ಒಪ್ಪಿರುತ್ತೇನೆ.’ ಮೂವತ್ತೈದರ ಮಕ್ಕಳನ್ನು ಕಳಿಸಿದರೆ ಅರ್ಧ ಜನ ನಪಾಸಾಗುತ್ತಾರೆ, ಸ್ಕೂಲಿನ ಹೆಸರು ಕೆಡುತ್ತದೆ ಎಂಬುದು ಹೆಡ್‌ಮಾಸ್ತರ ಲೆಕ್ಕ.

ಸಂಜೆ ತಡಿಕೆಯ ಆಚೆ ಮುನಿವೆಂಕಟಮ್ಮ ಮುದ್ದೆಗೆ ಎಸರಿಟ್ಟಿದ್ದಳು.

“ಅದು ದಾರ ಅಲ್ಲ ಕಣವ್ವ” ಎಂದಳು ಗೌರಿ.

“ಮತ್ತೇನು? ದಾರ ಮೀರಿ ಕಲ್ಲು ಇಟ್ರೆ ಸೋಮಲಿಂಗಪ್ಪ ಮೇಸ್ತ್ರಿ ಸುಮ್ಕಿರ್ತಾನಾ? ಉಳಿ ತಗಂಡು ಮೇಲಿನದನ್ನ ಹೊಡೆದು ಹಾಕ್ತಾನೆ.”

“ನಂಗೆ ಬಂದಿದ್ದು ಎಪ್ಪತ್ನಾಲ್ಕು.”

ಕೋಲು ಆಡುವ ಸದ್ದು ನಿಂತಿತು.

“ದಾರ ಎಷ್ಟಕ್ಕೆ ಕಟ್ಟಿದ್ರು?”

“ಮೂವತ್ತೈದಕ್ಕೆ.”

“ಮೇಲಿಂದು?”

“ಹೊಡೆದು ಹಾಕವ್ರೆ.”

ಆಮೇಲೆ ಕೆಳಗಿನ ಸಾಲನ್ನು ಗೌರಿ ಬಾಯಿಪಾಠ ಒಪ್ಪಿಸಿದಳು. ಮುನಿವೆಂಕಟಮ್ಮ ಬೂದಿ ತೆಗೆದುಕೊಂಡು ಹೆಬ್ಬೆಟ್ಟು ಉಜ್ಜುತ್ತಿದ್ದಳು. ತಡಿಕೆಯ ಸಂದಿನಲ್ಲಿ ಕಾಣುತ್ತಿತ್ತು. ಬಿರುಕಿಗೆ ಮಸಿ ಇಳಿದಿತ್ತು.

“ಹೋಗಲ್ವಲ್ಲೇ ಇದು.”

“ಇಲ್ಲಿ ಹೋದ್ರೆ ಅಲ್ಲಿ ಹೋಗ್ತದಾ ಅವ್ವ?”

ಇತ್ತ ಕಡೆ ನನ್ನವ್ವನೂ ಕೇಳಿಸಿಕೊಂಡಳು. ತನ್ನ ಹೆಬ್ಬೆಟ್ಟು ನೋಡಿಕೊಂಡಳು. ಸೌದೆ ಮುಂದಕ್ಕೆ ತಳ್ಳಿದಳು.

ಡಿಸೆಂಬರಿನಲ್ಲಿ ಇನ್ಸ್‌ಪೆಕ್ಟರು ಬರುವ ಸುದ್ದಿ ಬಂತು. ಪೆನ್ಸಿಲಿನ ನೀಲಿ ಗೆರೆಗಳಿಗೆಲ್ಲ ಮಸಿ ಹಾಕಬೇಕು. ಗೌರಿಯನ್ನು ಕೂರಿಸಿದರು. ಎರಡು ದಿನ ಅವಳು ಬೆನ್ನು ಬಗ್ಗಿಸಿ ಕೂತಳು. ನಲವತ್ತೊಂದು ಗೆರೆಗೆ ಮಸಿ ಹಾಕಿದಳು. ನನ್ನದಕ್ಕೂ ಹಾಕಿದಳು. ಹಾಕುವಾಗ ನನ್ನ ಮುಖ ನೋಡಲಿಲ್ಲ. ಕೊನೆಗೆ ತನ್ನ ಹಾಳೆ ತೆಗೆದಳು. ರಬ್ಬರಿನಿಂದ ನೀಲಿ ಗೆರೆ ಅಳಿಸಿದಳು. ಕೆಂಪು ಗೆರೆ ಇತ್ತು, ಬುಡದಲ್ಲಿ ಅವ್ವನ ಹೆಬ್ಬೆಟ್ಟು ಇತ್ತು, ನೀಲಿ ಇರಲಿಲ್ಲ. ಹಾಗೆಯೇ ಗೋಡೆಗೆ ಅಂಟಿಸಿದಳು.

“ಸಿಕ್ಕಾಕ್ಕೊಂಡ್ರೆ?” ಎಂದೆ.

“ಸುಳ್ಳು ಗೆರೇನ ನನ್ ಕೈಲಿ ನಾನು ಬರಿಯಲ್ಲ ಕಣೆ ಸಾಕಿ.”

ಇನ್ಸ್‌ಪೆಕ್ಟರು ಗೋಡೆಯ ಉದ್ದಕ್ಕೂ ನಡೆದರು. ಹೆಡ್‌ಮಾಸ್ತರು ಪಕ್ಕದಲ್ಲಿ. ‘ವೆರಿಗುಡ್, ವೆರಿಗುಡ್’ ಎನ್ನುತ್ತ ಬಂದವರು ಒಂದು ಕಡೆ ನಿಂತರು.

“ಈ ಮಗು ಟೆಸ್ಟ್ ಬರ್ದಿಲ್ವೇ?”

ಹೆಡ್‌ಮಾಸ್ತರು ಮುಂದೆ ಬಂದರು. “ಬರೆದಿದೆ ಸಾರ್. ಮೂವತ್ತೈದು.”

ಗೌರಿ ಎದ್ದು ನಿಂತಳು. “ಎಪ್ಪತ್ನಾಲ್ಕು ಸಾರ್.”

ಇನ್ಸ್‌ಪೆಕ್ಟರು ಉತ್ತರ ಪತ್ರಿಕೆ ಕೇಳಿದರು. ಚೂಡಾಮಣಿ ಟೀಚರು ಡ್ರಾಯರು ಎಳೆದರು. ಒಂದು ಗಳಿಗೆ ಕೈ ಒಳಗೇ ಇತ್ತು. ಆಮೇಲೆ ಪತ್ರಿಕೆ ತೆಗೆದು ಕೊಟ್ಟರು. ಇನ್ಸ್‌ಪೆಕ್ಟರು ನೋಡಿ ನಕ್ಕರು.

“ಏನ್ರೀ ಅನಂತಪದ್ಮನಾಭಯ್ಯ, ನಿಮ್ಮ ಅಂದಾಜು ಕೈ ಕೊಟ್ಟಿದೆಯಲ್ರೀ. ಗೆರೆ ಸರಿ ಮಾಡ್ಬಿಡಿ.”

ಮುಂದಿನ ಚಾರ್ಟಿಗೆ ಹೋದರು. ಮೂವತ್ತೈದು ಎಂದು ಬರೆದವರು ಯಾರು ಎಂದು ಅವರು ಕೇಳಲಿಲ್ಲ.

ಹೆಡ್‌ಮಾಸ್ತರು ಅವತ್ತೇ ಗೆರೆ ಸರಿ ಮಾಡಿದರು. ಅರ್ಧ ಹಾಳೆಯನ್ನು ಕಿತ್ತು ಹರಿದು ಹಾಕಿದರು. ಗೌರಿಗೆ ಪೂರ್ತಿ ಹಾಳೆ ಬಂತು. ಕೆಂಪು ಗೆರೆಯನ್ನು ಅವರೇ ಎಳೆದರು. ಎಂಬತ್ತೈದಕ್ಕೆ ಎಳೆದರು. ಇಡೀ ಕ್ಲಾಸಿನಲ್ಲಿ ಅಷ್ಟು ಮೇಲೆ ಇನ್ನೊಂದು ಗೆರೆ ಇರಲಿಲ್ಲ.

“ಈಗ ಸಂತೋಷವೇನಮ್ಮ? ಮಾಡಿ ತೋರಿಸು.”

ಗೆರೆ ಬರೆಯುವ ಕೆಲಸ ಅಂದಿಗೆ ನಿಂತಿತು. ಸ್ಪೆಷಲ್ ಕ್ಲಾಸಿನ ಮೂಲೆಯೂ ಹೋಯಿತು. ನಾಲ್ಕು ಬಿಂದಿಗೆ ಎಂಟಾಯಿತು. ಚಳಿಗಾಲದ ಸಂಜೆಯಲ್ಲಿ ನನ್ನ ಪಕ್ಕ ಅವಳೂ ಕೆರೆಯ ಏರಿ ಹತ್ತಿ ಇಳಿದಳು. ಬಾಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಏದುಸಿರಿಗೆ ಮಗ್ಗಿ ತುಂಡಾಗುತ್ತಿತ್ತು. ಜನವರಿಯ ಟೆಸ್ಟಿನಲ್ಲಿ ಎಪ್ಪತ್ತೊಂದು ಬಂತು. ನೀಲಿ ಗೆರೆ ಕೆಂಪಿಗಿಂತ ಕೆಳಗೆ ಬಿತ್ತು. ‘ನಿರೀಕ್ಷೆಗಿಂತ ಹಿಂದೆ’ ಎಂದು ಬರೆದರು.

ಫೆಬ್ರವರಿಯಲ್ಲಿ ಅರ್ಜಿಗಳನ್ನು ಕಳಿಸುವ ಕೊನೆಯ ದಿನ. ಐದು ಗಂಟೆಯೊಳಗೆ ಕಟ್ಟು ಹೋಗಬೇಕು. ಪ್ರತಿಯೊಂದು ಹೆಸರಿಗೂ ಅರ್ಜಿ ಇರಬೇಕು, ಇಲ್ಲವೆ ಮನೆಯವರ ಒಪ್ಪಿಗೆ ಇರಬೇಕು. ಮೂವತ್ತೊಂದು ಅರ್ಜಿ ಸಿದ್ಧವಾಗಿತ್ತು. ಹತ್ತು ಅರ್ಧ ಹಾಳೆಯಲ್ಲಿ ಹತ್ತು ಹೆಬ್ಬೆಟ್ಟು ಇತ್ತು. ಒಂದು ಹೆಬ್ಬೆಟ್ಟು ಹರಿದ ಹಾಳೆಯ ಜೊತೆ ಹೋಗಿತ್ತು. ಮುನಿವೆಂಕಟಮ್ಮನನ್ನು ಕೆಲಸದಿಂದ ಕರೆಸಿದರು.

ನಾನು ಗೌರಿ ಇಬ್ಬರೂ ಆಫೀಸಿನ ಕಿಟಕಿಯ ಕೆಳಗೆ ಬಿಂದಿಗೆ ಇಳಿಸಿ ನಿಂತೆವು.

“ನಿನ್ನ ಮಗಳು ಹದಿನಾಲ್ಕು ಹಿಂದೆ ಬಿದ್ದಿದಾಳೆ. ಹತ್ತಕ್ಕಿಂತ ಹೆಚ್ಚು ಬಿದ್ದವರನ್ನ ಕಳಿಸೋ ಹಾಗಿಲ್ಲ. ಇಲ್ಲಿ ಒತ್ತು.”

“ನಮ್ ಚಿಕ್ಕಬೈರಪ್ಪನೋರ ಮಗುಂಗೆ ಎಷ್ಟು ಬಂತು?”

“ಅದೆಲ್ಲ ನಿನಗ್ಯಾಕೆ? ನಲವತ್ತೊಂದು. ಅವನು ಬಿದ್ದಿರೋದು ಒಂಬತ್ತು.”

“ಅವ್ನು ಹೋಗ್ತಾನೆ?”

“ಹೋಗ್ತಾನೆ.”

“ನನ್ ಮಗ್ಳುದು ಎಪ್ಪತ್ತೊಂದು. ಇವ್ಳು ಹೋಗಲ್ಲ.”

“ಇದು ಹಾಗೆ ನೋಡೋದಲ್ಲ. ನಿನಗೆ ತಿಳಿಯಲ್ಲ.”

“ಎಣಿಸಿ ಎಣಿಸಿ ಕಲ್ಲು ಹೊರ್ತೀನಿ ಮೇಷ್ಟ್ರೇ. ಯಾವ್ದು ಹೆಚ್ಚು ಅಂತ ನನ್ ಕತ್ತಿಗೆ ತಿಳೀತದೆ.”

ಬುದ್ದಿ ಅನ್ನಲಿಲ್ಲ. ಮೇಷ್ಟ್ರೇ ಎಂದಳು. ಒಳಗೆ ಕುರ್ಚಿ ಕಿರ್ ಎಂದಿತು. ಅವರು ಎದ್ದು ನಿಂತಿದ್ದರು.

“ಒತ್ತೇ.”

“ಒತ್ತಲ್ಲ.”

“ಏನಂದೆ?”

“ಆವತ್ತು ತಿಳೀದೆ ಒತ್ತಿದೆ. ಇವತ್ತು ಒತ್ತಲ್ಲ.”

“ಕರಿಬಸವಯ್ಯ! ಹಿಡಿದು ಒತ್ತಿಸಯ್ಯ ಇವಳ ಕೈಯ.”

ಕರಿಬಸವಯ್ಯ ಬಾಗಿಲಲ್ಲಿದ್ದ. ಒಂದು ಹೆಜ್ಜೆ ಮುಂದಿಟ್ಟ. ಅಲ್ಲೇ ನಿಂತ. ಮುನಿವೆಂಕಟಮ್ಮ ತಿರುಗಿ ಅವನ ಕಡೆ ಕೈ ಚಾಚಿದಳು. ಮೊಣಕೈ ತನಕ ಸುಣ್ಣ ಹತ್ತಿದ ಕೈ.

“ಹಿಡ್ಕಳಣ್ಣ” ಎಂದಳು.

ಅವನು ಹಿಡಿಯಲಿಲ್ಲ. ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ. “ಹೆಂಗ್ ಮುಟ್ಲಿ ಸ್ವಾಮಿ... ಮನೇಲಿ ಪೂಜೆ ಮಾಡೋನು ನಾನು” ಎಂದು ಗೊಣಗಿದ.

ಅವಳು ಮೇಜಿನ ಕಡೆ ತಿರುಗಿದಳು. ಕೈ ಚಾಚಿದ್ದು ಚಾಚಿದಂತೇ ಇತ್ತು.

“ನೀವೇ ಬನ್ನಿ ಮೇಷ್ಟ್ರೇ. ಹೆಬ್ಬೆಟ್ಟು ಇಲ್ಲೈತೆ. ಹಿಡ್ದು ಒತ್ತಿಸ್ಕಳಿ.”

ಹೆಡ್‌ಮಾಸ್ತರು ಮೇಜಿನ ಆಚೆಯೇ ನಿಂತರು. ಸ್ಕೇಲು ಕೈಯಲ್ಲಿತ್ತು. ಎಂಟು ವರ್ಷ ಆ ಸ್ಕೂಲಿನಲ್ಲಿ ನಮ್ಮ ಕೇರಿಯ ಮಕ್ಕಳನ್ನು ದೂರದಿಂದ ಸ್ಕೇಲಿನಲ್ಲಿ ಹೊಡೆದಿದ್ದರು. ಒಂದು ದಿನವೂ ಕೈಯಿಂದ ಹೊಡೆದವರಲ್ಲ. ಮುನಿವೆಂಕಟಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಅವರು ಗೋಡೆಗೆ ಸರಿದರು.

“ದೂರ ನಿಲ್ಲೇ!”

“ನಿಂತವ್ನಿ. ನಾನು ನಿಂತೇ ಇರ್ತೀನಿ. ನೀವು ಕರೆಸಿದ್ದಲ್ವಾ?”

ಗಡಿಯಾರ ನಾಲ್ಕು ಹೊಡೆಯಿತು. ನಾಲ್ಕೂವರೆ ಆಯಿತು. ಅವಳು ಕೂರಲಿಲ್ಲ. ಚಾಚಿದ ಕೈ ಸೋತಾಗ ಇನ್ನೊಂದು ಕೈಯಿಂದ ಆಸರೆ ಕೊಟ್ಟುಕೊಂಡಳು. ಸ್ಪೆಷಲ್ ಕ್ಲಾಸಿನ ಮಕ್ಕಳು ಬಾಗಿಲಲ್ಲಿ ಗುಂಪು ಕೂಡಿದರು. ಚೂಡಾಮಣಿ ಟೀಚರು ಬಂದರು. ಕಪಾಟಿನಿಂದ ಒಂದು ಖಾಲಿ ಅರ್ಜಿ ತೆಗೆದು, ಗೌರಿಯ ಹೆಸರು ತುಂಬಿ, ಮೇಜಿನ ಮೇಲೆ ಇಟ್ಟು ಹೋದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಹೆಡ್‌ಮಾಸ್ತರು ಕೂತರು. ಅರ್ಜಿ ಎಳೆದುಕೊಂಡರು. ರುಜು ಹಾಕಿದರು. ರುಜುವಿನ ಮೇಲೆ ಹೆಡ್‌ಮಾಸ್ತರ ಅಭಿಪ್ರಾಯ ಎಂಬ ಮನೆಯಿತ್ತು. ಅದರಲ್ಲಿ ದಪ್ಪಕ್ಷರದಲ್ಲಿ ಏನೋ ಬರೆದರು. ಗೌರಿ ಕಿಟಕಿಯಿಂದ ಓದಿದಳು. ಓದಿ ಬಿಂದಿಗೆಯ ಕಂಠ ಹಿಡಿದುಕೊಂಡಳು.

ಕರಿಬಸವಯ್ಯ ಕಟ್ಟು ಎತ್ತಿಕೊಂಡು ಸೈಕಲ್ ಹತ್ತಿದ. ಮೂವತ್ತೆರಡು ಅರ್ಜಿ.

ನಾವು ಮೂವರೂ ಕೇರಿಯ ದಾರಿ ಹಿಡಿದೆವು. ಸೋಮಲಿಂಗಪ್ಪ ಮೇಸ್ತ್ರಿಯ ಕೆಲಸದವರು ಇಳಿಯುತ್ತಿದ್ದರು. ಮೇಸ್ತ್ರಿ ಮುನಿವೆಂಕಟಮ್ಮನನ್ನು ನೋಡಿ, “ಕೆಲ್ಸ ಅರ್ಧಕ್ಕೆ ಬಿಟ್ಟೋದೋಳು ನಾಳೆ ಬರಬ್ಯಾಡ” ಎಂದು ಕೂಗಿದ. ಅವಳು ನಿಲ್ಲಲಿಲ್ಲ.

“ಅವ್ನು ಏನು ಬರ್ದ?” ಎಂದು ಮಗಳನ್ನು ಕೇಳಿದಳು.

“ನಪಾಸಾಗ್ತಾಳೆ ಅಂತ.”

“ಪರೀಕ್ಷೆ ಕಾಗ್ದ ತಿದ್ದೋನು ಅವ್ನೇನಾ?”

“ಅಲ್ಲ. ಬೇರೆ ಊರೋರು.”

“ಅವ್ರಿಗೆ ನಾವು ಯಾರು ಅಂತ ತಿಳೀತದಾ?”

“ಇಲ್ಲವ್ವ. ಹೆಸ್ರು ಇರಲ್ಲ. ನಂಬರು ಅಷ್ಟೇ ಇರ್ತದೆ.”

“ಅಪ್ಪನ ಹೆಸ್ರು?”

“ಇರಲ್ಲ.”

“ಕೇರಿ?”

“ಇರಲ್ಲ. ಬರೀ ನಂಬರು.”

ಮುನಿವೆಂಕಟಮ್ಮ ನಿಂತಳು. ಅಂಥದೊಂದು ಇರಬಹುದೆಂದು ಅವಳು ನಂಬಲಿಲ್ಲ. ಮಗಳ ಮುಖವನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ದಿಟವೇನೆ ಸಾಕಿ?”

“ದಿಟ ಕಣಕ್ಕ” ಎಂದೆ.

“ಹಂಗಾರೆ ಬಿರ್ರನೆ ನಡೀರೆ” ಎಂದಳು. ಅವರಿಬ್ಬರೂ ಹೆಜ್ಜೆ ಹಾಕಿದರು. ನಾನು ಹಿಂದೆ ಬಿದ್ದೆ. ಆ ಕಟ್ಟಿನಲ್ಲಿ ನನ್ನ ಅರ್ಜಿ ಇರಲಿಲ್ಲ. ನನಗೆ ನಂಬರು ಬರುವುದಿರಲಿಲ್ಲ.